ಗಂಗಮ್ಮನ ಕಲ್ಲು ಮೊದಲಿದ್ದ ಜಾಗ

ತಾಯಿಯ ಜಾಗದಲ್ಲಿ ನಿಂತು ನನ್ನನ್ನು ಸಾಕಿದ ಅತ್ತೆಗೆ, ನಿನ್ನ ತಮ್ಮನ ಮಗಳು ರತ್ನ ಮಾಡುವ ನಮಸ್ಕಾರ.

ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಿನ ಹಾಗಿದೆ, ಬೇಸರ ಮಾಡಿಕೊಳ್ಳಬೇಡ. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಒತ್ತು, ದೀರ್ಘ ಎಷ್ಟೋ ತಪ್ಪಿರುತ್ತವೆ. ನಿನಗೆ ಓದಲು ಬರುತ್ತಿರಲಿಲ್ಲ, ಆದರೂ ನನ್ನ ಸ್ಲೇಟನ್ನು ಬೆರಳಲ್ಲಿ ಸವರಿ "ಚೆನ್ನಾಗೈತೆ ಕಣೇ" ಅನ್ನುತ್ತಿದ್ದೆ. ಆ ಧೈರ್ಯದಲ್ಲೇ ಬರೆಯುತ್ತಿದ್ದೇನೆ. ಇವರು ನಂಗಲಿಯಲ್ಲಿ ಲಾರಿ ಹತ್ತಿ ಮದ್ರಾಸಿನ ಕಡೆ ಹೋಗಿದ್ದಾರೆ. ಮನೆಯಲ್ಲಿ ಮಾತಿಗೆ ಯಾರೂ ಇಲ್ಲ. ಊರಿನಲ್ಲಿಯೂ ಈಗ... ಅದನ್ನೇ ಹೇಳಬೇಕು.

ಕೆರೆ ಕೋಡಿ ಬಿದ್ದ ದಿನ ನೆನಪಿದೆಯಾ? ಹೆಂಗಸರೆಲ್ಲ ಅರಿಶಿನ ಕುಂಕುಮ ಹಿಡಿದು ಏರಿಯ ಮೇಲೆ ನಗುತ್ತಾ ಹೋಗುತ್ತಿದ್ದರೆ ನೀನೊಬ್ಬಳು ಹಿಂದೆ ಉಳಿದಿದ್ದೆ. ಆವತ್ತೇ ನನಗೆ ಹೇಳಿದ್ದು. ನೀನು ಚಿಕ್ಕವಳಿದ್ದಾಗ ಕೆರೆ ಒಡೆದು ಕೆಳಗಿನ ಕೇರಿ ಪೂರ್ತಿ ಹೋಯಿತಂತೆ. ನನ್ನಪ್ಪ ಇನ್ನೂ ಹುಟ್ಟಿರಲಿಲ್ಲ. ನಿನ್ನ ಪುಟ್ಟ ತಂಗಿ ಆ ನೀರಿನಲ್ಲೇ ಹೋದಳಂತೆ. ದಿಬ್ಬದ ಮೇಲೆ ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಹಿರಿಯರು ಒಂದು ಕಲ್ಲು ನೆಟ್ಟು, ಗಂಗಮ್ಮ ಎಂದು ಕರೆದು, ಇದರ ಕೆಳಗೆ ಯಾರೂ ಮನೆ ಕಟ್ಟಬಾರದು ಅಂದರಂತೆ.

ನಿನ್ನ ಮಂಡಿ ಹಿಡಿದುಕೊಂಡ ವರ್ಷವೂ ಕಣ್ಣ ಮುಂದಿದೆ. ನೀನು, ಪಕ್ಕದ ಮನೆಯ ಪಾಪಕ್ಕ, ಇನ್ನೂ ಕೆಲವರು ಗಂಗಮ್ಮನ ಪೂಜೆಗೆಂದು ಹೊರಟು ದಿಬ್ಬ ಹತ್ತಲಾರದೆ ಅರ್ಧದಲ್ಲೇ ಕೂತಿರಿ. ನೀನೇ ಅಲ್ಲವೇ ಅಂದದ್ದು, "ಅವಳೇ ಇಳ್ದು ಬರ್ಲಿ ಬಿಡ್ರೇ, ಅವಳೂ ನಮ್ಮಂಗೆ ಮುದುಕಿ ಆಗವ್ಳೆ" ಅಂತ? ಎಲ್ಲರೂ ನಕ್ಕರು. ಆಮೇಲೆ ತಮಟೆ ಬಾರಿಸಿಕೊಂಡು ಕಲ್ಲನ್ನು ಕೆಳಗಿಳಿಸಿ, ರಸ್ತೆ ಪಕ್ಕದ ಬಾವಿಯ ಹತ್ತಿರ ಬೇವಿನ ಮರದಡಿ ಕೂರಿಸಿದರು. ಕಳಶ ಹೊತ್ತವಳು ನಾನು. ಅದು ದೇವರಷ್ಟೇ ಅಲ್ಲ, ನೀರಿನ ಗುರುತೂ ಹೌದು ಅನ್ನುವುದು ಯಾರಿಗೆ ಹೊಳೆಯಿತು? ತಂಗಿಯನ್ನು ಕಳೆದುಕೊಂಡ ನಿನಗೇ ಹೊಳೆಯಲಿಲ್ಲ.

ನೀನು ತೀರಿಕೊಂಡ ಮೇಲಿನ ಬೇಸಿಗೆಯಲ್ಲಿ ಓವರ್‌ಸಿಯರ್ ಒಬ್ಬರು ಸರಪಳಿ, ಮೂರು ಕಾಲಿನ ದುರ್ಬೀನು ತಂದರು. ಹಿಂದಿನ ಮಳೆಗೆ ಅಲ್ಲಲ್ಲಿ ಕೆರೆಗಳು ಒಡೆದದ್ದರಿಂದ, ಯಾವ ಊರಿಗೆ ನೀರಿನ ಭಯ ಎಷ್ಟು, ಹಿಂದೆ ಏನೇನು ಹೋಗಿತ್ತು ಎಂದು ವಿಚಾರಿಸುತ್ತಿದ್ದರು. ಮನೆ ಇಲ್ಲದವರಿಗೆ ಸೈಟು ಕೊಡುವುದೂ ಅದನ್ನು ನೋಡಿಯೇ ಅಂತೆ. ಊರಿನ ಹಿರಿಯ ಪಿಳ್ಳಪ್ಪಣ್ಣನಿಗೆ ನಗು. "ಮೊದ್ಲು ಕೆರೆಗೆ ನೀರು ತರ್ಸಿ ಸಾರ್, ಭಯ ಆಮೇಲೆ ಬೀಳ್ತೀವಿ" ಅಂದ. ಕೊನೆಗೆ, ನೀರು ಗಂಗಮ್ಮನ ಕಲ್ಲು ದಾಟುವುದಿಲ್ಲ, ಹಿರಿಯರ ಮಾತು ಎಂದು ಬೇವಿನ ಮರ ತೋರಿಸಿದ. ಓವರ್‌ಸಿಯರ್ ಕಲ್ಲಿನ ಪಕ್ಕಕ್ಕೇ ಅಳತೆ ಕೋಲು ನಿಲ್ಲಿಸಿದರು. ಅಲ್ಲಿಂದ ಮೇಲಕ್ಕೆ, ರಸ್ತೆ ಉದ್ದಕ್ಕೂ ಸೈಟುಗಳು. ಅದರಲ್ಲಿ ಒಂದು ನಮ್ಮದು. ಮುಂದುಗಡೆ ಟೀ ಅಂಗಡಿ ಇಟ್ಟರೆ ಲಾರಿಗಳು ನಿಲ್ಲುತ್ತವೆ, ಲಾರಿ ಕೆಲಸ ಬಿಟ್ಟು ಮನೆಯಲ್ಲೇ ಇರುತ್ತೇನೆ ಎಂದು ಇವರು ಎಷ್ಟು ಸಲ ಹೇಳಿದ್ದರು!

ನಾಲ್ಕು ಜನರ ಮುಂದೆ ನಾನು ಯಾವತ್ತು ಬಾಯಿ ಬಿಟ್ಟಿದ್ದೆ, ನೀನೇ ಹೇಳು? ಪಾಪಕ್ಕನ ಮುಖ ನೋಡಿದೆ. ಅವಳು ಸೆರಗು ಸರಿ ಮಾಡಿಕೊಂಡು ನೆಲ ನೋಡಿದಳು. ಕಲ್ಲು ದಿಬ್ಬದಿಂದ ಇಳಿದು ಬಂದದ್ದು ಎಲ್ಲರಿಗೂ ಗೊತ್ತಿತ್ತು. ನಿನ್ನ ತಂಗಿಯ ಮುಖ ನಾನು ಕಂಡವಳಲ್ಲ, ಆದರೂ ಆಗ...

"ಸಾರ್, ಕಲ್ಲು ಮೊದ್ಲು ಇಲ್ಲಿರ್ಲಿಲ್ಲ" ಅಂದೆ.

ಪಿಳ್ಳಪ್ಪಣ್ಣ ತಿರುಗಿದ. "ಏಯ್ ರತ್ನ, ನಿನ್ ಸೈಟೂ ಇದ್ರಾಗೇ ಐತೆ. ನೋಡ್ಕೊಂಡು ಮಾತಾಡು."

"ಅದಕ್ಕೇ ಹೇಳ್ತಾ ಇರೋದು ಅಣ್ಣ."

ಓವರ್‌ಸಿಯರ್ ನನ್ನ ಹಿಂದೆ ದಿಬ್ಬ ಹತ್ತಿದರು. ಕಲ್ಲು ಕಿತ್ತ ಗುಳಿಯಲ್ಲಿ ಹುಲ್ಲು ಬೆಳೆದಿತ್ತು. ಸುತ್ತ ನೀವೆಲ್ಲ ಪೂಜೆಗೆ ಇಡುತ್ತಿದ್ದ ಬಳೆಗಳ ಚೂರುಗಳು ಇನ್ನೂ ಇದ್ದವು. ಅವರು ದುರ್ಬೀನನ್ನು ಮೇಲಕ್ಕೆ ತರಿಸಿದರು. ಈಗ ಸೈಟುಗಳು ಗುಳಿಗಿಂತಲೂ ಮೇಲೆ, ಬರೀ ಕಲ್ಲು ನೆಲದಲ್ಲಿ. ರಸ್ತೆ ಇಲ್ಲ, ನೀರನ್ನು ಕೆಳಗಿನಿಂದಲೇ ಹೊರಬೇಕು.

ಇವರು ಬಂದ ರಾತ್ರಿ ಎಲ್ಲ ಹೇಳಿದೆ. "ಹೇಳಿದ್ಮೇಲೆ ಆಯ್ತು ಬಿಡು" ಎಂದು ಗೋಡೆ ಕಡೆ ತಿರುಗಿ ಉಂಡರು. ಈಗ ಬರುವುದೂ ಅಪರೂಪ. ನಾನು ಬಾವಿಗೆ ಹೋದರೆ ನಡೆಯುತ್ತಿದ್ದ ಮಾತು ನಿಂತು ರಾಟೆಯ ಸದ್ದಷ್ಟೇ ಉಳಿಯುತ್ತದೆ. ಈ ವರ್ಷ ಮಳೆಯೂ ಇಲ್ಲ, ಕೆರೆಯ ಅಂಗಳ ಬಿರುಕು ಬಿಟ್ಟಿದೆ. "ಎಲ್ಲೇ ನಿನ್ ನೀರು?" ಎಂದು ಕೇಳುತ್ತಾರೆ. ಏನು ಹೇಳಲಿ ಅತ್ತೆ? ಬರಲಿ ಅನ್ನಲೇ, ಬರಬೇಡ ಅನ್ನಲೇ? ನೀನು ಪ್ರೀತಿಯಿಂದ ಇಳಿಸಿದ ಕಲ್ಲನ್ನು ನಾನು ಸುಳ್ಳು ಮಾಡಿದೆ ಎಂದು ನಿನಗೂ ಕೋಪವೇ?

ಇವತ್ತು ಬೆಳಿಗ್ಗೆ ಹಾರೆ ಹಿಡಿದು ದಿಬ್ಬದ ಕಡೆ ಹೊರಟೆ. ಪಾಪಕ್ಕ ಬಾಗಿಲಲ್ಲಿ ಕೂತಿದ್ದಳು. "ಎಲ್ಲಿಗೆ?" ಅಂದಳು. ಇಷ್ಟು ದಿನದ ಮೇಲೆ ಅದೇ ಮೊದಲ ಮಾತು. ಮೇಲಕ್ಕೆ ಅಂದೆ. ಎದ್ದು ಒಳಗೆ ಹೋದಳು. ಅಷ್ಟೇ ಅಂದುಕೊಂಡೆ. ಗೋಡೆ ಹಿಡಿದುಕೊಂಡು ತಿರುಗಿ ಬಂದು, ಒಂದು ತುಂಡು ಕನಕಾಂಬರ ನನ್ನ ಕೈಗೆ ಹಾಕಿ, "ನಂಗೆ ಹತ್ತಕ್ಕಾಗಲ್ಲ. ನಮ್ ಅಕ್ಕನ ಹೆಸರಲ್ಲಿ ಇಟ್ಟು ಬಾ" ಅಂದಳು. ನಿನ್ನನ್ನೇ ಅಕ್ಕ ಅಂದದ್ದು.

ಗಂಗಮ್ಮ ಬೇವಿನ ಮರದಡಿಯೇ ಇರಲಿ, ಮುದುಕಿಯರಿಗೆ ಅಲ್ಲೇ ಅನುಕೂಲ. ಗುಳಿಯ ಹುಲ್ಲು ಕಿತ್ತು, ಅಲ್ಲೇ ಬಿದ್ದಿದ್ದ ಒಂದು ಕಲ್ಲನ್ನು ನೀರಿನ ಗುರುತಿಗೆಂದು ನಿಲ್ಲಿಸಿ ಮಣ್ಣು ತುಳಿದೆ. ಹೂವನ್ನು ಅದಕ್ಕೆ ಮುಡಿಸಲಿಲ್ಲ, ಬಳೆ ಚೂರುಗಳಿದ್ದ ಕಡೆ ನಿನಗೆಂದು ಇಟ್ಟೆ. ಈ ಕಲ್ಲಿಗೆ ಅರಿಶಿನ ಹಚ್ಚಿಲ್ಲ, ಹೆಸರೂ ಇಟ್ಟಿಲ್ಲ. ಇಟ್ಟರೆ ಮತ್ತೆ ಯಾರಾದರೂ ಕನಿಕರಪಟ್ಟು ಕೆಳಗಿಳಿಸಿಯಾರು.