ಮಡಿಸಿದ ಹೆಬ್ಬೆರಳು

ಕಾರಾ-ಬುಲಾಕ್
ರಂಜಾನ್ ಹನ್ನೊಂದು

ಪ್ರೀತಿಯ ನಾದಿನಿ ಬೆಗಾಯಿಮ್‌ಗೆ ಸಲಾಮ್.

ಇಂದು ರೋಜಾ. ಹಾಲು ಕರೆದು, ಒಲೆಯ ಬೂದಿ ತೆಗೆದು, ಸಂಜೆಯ ರೊಟ್ಟಿಗೆ ಹಿಟ್ಟು ನಾದಿಟ್ಟು ಕೂತಿದ್ದೇನೆ. ಉತ್ತರ ತಡವಾಯಿತು, ಬೇಸರಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಅಮ್ಮ ನನ್ನ ಪಕ್ಕದಿಂದ ಏಳುವುದಿಲ್ಲ. ಮಗು ಎದೆಹಾಲು ಬಿಟ್ಟೊಡನೆ ನಿನ್ನ ಅತ್ತೆಮಾವ ತಮ್ಮದೆಂದು ಒಯ್ಯುತ್ತಾರೆ, ಒಪ್ಪಲೇ ಎಂದು ಕೇಳಿದ್ದೀ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಣ್ಣ ಮರಿ ಹಾಕುವ ಕುರಿಗಳ ಹಿಂದೆಯೇ ಇದ್ದಾರೆ.

ನಿನ್ನ ಕಾಗದ ಬಂದ ವಾರವೇ, ರೋಜಾ ಶುರುವಾಗುವ ಮೊದಲು, ಬಿಷ್ಕೆಕ್‌ನಿಂದ ಅಲ್ಟಿನಾಯ್ ಎಂಬ ಹುಡುಗಿ ಬಂದಿದ್ದಳು. ಮುಂದಿನ ವರ್ಷ ಜನಗಣತಿಗೆ ಮನೆಮನೆಯಲ್ಲೂ ಕೇಳುವ ಪ್ರಶ್ನೆಗಳು ಜನರಿಗೆ ಹೇಗೆ ಅರ್ಥವಾಗುತ್ತವೆ ಎಂದು ಮೊದಲೇ ನೋಡುವುದು ಅವಳ ಕೆಲಸವಂತೆ.

"ಉತ್ತರ ಒಂದೇ ಸಾಲ್ದು ಅಕ್ಕಾ, ಯೋಚ್ನೆ ಮಾಡ್ವಾಗ ತಲೇಲಿ ಬಂದಿದ್ದೆಲ್ಲ ಬಾಯಲ್ಲಿ ಹೇಳ್ತಾ ಹೋಗಿ" ಎಂದಳು.

"ಇವಳ ತಲೇಲಿರೋದು ಬಾಯಿಗೆ ಬಂದಿದ್ರೆ ನಾನು ಎಂದೋ ಮನೆ ಬಿಟ್ಟು ಓಡ್ತಿದ್ದೆ" ಎಂದು ನಿನ್ನ ಅಮ್ಮ ನಕ್ಕರು.

"ನಿಮಗೆ ಎಷ್ಟು ಮಕ್ಕಳು?" ಎಂದು ಹುಡುಗಿ ನನ್ನನ್ನು ಕೇಳಿದಳು.

"ಮೂರು."

"ಹೇಗೆ ಎಣಿಸಿದ್ರಿ?"

"ಎಣಿಸೋದೇನು ಬಂತು, ಮೂರೇ ಮೂರು."

"ಮತ್ತೆ ಹೆಬ್ಬೆರಳು ಮೊದ್ಲು ಮಡಿಸಿ, ಆಮೇಲೆ ಬಿಚ್ಚಿದ್ರಲ್ಲ? ಆಗ ಏನು ನೆನಪಾಯ್ತು?"

ನಾನು ಕೈಯನ್ನು ಮಡಿಲಿಗೆ ಎಳೆದುಕೊಂಡೆ. ನಿನ್ನ ಅಮ್ಮನೇ ಹೇಳಿದರು: "ಚೊಚ್ಚಲು ನನ್ನ ಪಾಲು ಕಣಮ್ಮಾ. ಹೆತ್ತಿದ್ದು ಇವಳು, ಸಾಕಿದ್ದು ನಾನು. ನನ್ನನ್ನ ಅಮ್ಮ ಅಂತಾಳೆ, ಇವಳನ್ನ ಅತ್ತಿಗೆ. ನನ್ನ ಲೆಕ್ಕಕ್ಕೆ ಬರ್ಕೋ."

"ಗೊತ್ತು ಅಜ್ಜೀ, ನಾನೂ ಅಜ್ಜಿ ಸಾಕಿದ ಮಗಳೇ. ಹಿಂಗೆ ಕೇಳಿದ್ರೆ ಹೆತ್ತೋಳು ಒಂದು ಬಿಡ್ತಾಳೆ. 'ಎಷ್ಟು ಮಕ್ಕಳನ್ನ ಹೆತ್ತಿದ್ದೀರಿ' ಅಂತ ತಿದ್ದಬೇಕು." ಆಮೇಲೆ ನನ್ನ ಕಡೆ ತಿರುಗಿ, "ಈಗ ಹೇಳಿ ಅಕ್ಕಾ" ಎಂದಳು.

ನಿನ್ನ ಅಮ್ಮನ ಮುಖ ನೋಡಿದೆ. ನಾಲ್ಕು ಎನ್ನಬೇಕಿತ್ತು. "ಚಹಾ ಆರುತ್ತೆ, ಕುಡಿ ಮಗಳೇ" ಎಂದೆ. ಮಗಳೇ ಎಂದು ಯಾರ ಮನೆಯ ಹುಡುಗಿಯನ್ನೋ ಎಷ್ಟು ಸಲೀಸಾಗಿ ಕರೆದೆ ನೋಡು.

ಅಲ್ಲಾಹನು ನಿನ್ನನ್ನೂ ಕೂಸನ್ನೂ ಕಾಪಾಡಲಿ. ನಿನ್ನ ಮಡಿಲು ಎಂದೂ ಬರಿದಾಗದಿರಲಿ.

ನಿನ್ನ ಅತ್ತಿಗೆ
ಸಾಯ್ರಾಗುಲ್

ಇನ್ನೊಂದು ಮಾತು: ನನ್ನ ಅತ್ತೆ ಕೆಟ್ಟವರಲ್ಲ, ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದರು. ಜ್ವರ ಬಂದು ನೀನು "ಅಮ್ಮಾ" ಎಂದು ಕೂಗಿದರೆ ಇಬ್ಬರೂ ಎದ್ದು ಬರುತ್ತಿದ್ದೆವು. ನಾನು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಮಗುವನ್ನು ಕೊಡಬೇಡ, ಬೆಗಾಯಿಮ್. ಯಾರು ಏನಂದರೂ ಕೊಡಬೇಡ. ಉತ್ತರವನ್ನು ಅಂಚೆಗೆ ಹಾಕಬೇಡ, ಇಲ್ಲಿ ಎಲ್ಲರೆದುರು ಓದಿಸುತ್ತಾರೆ. ನನ್ನನ್ನು ಏನೆಂದು ಕರೆದು ಬರೆದರೂ ಸರಿ, ಬರೆ. ಜುಮ್ಮಾದ ದಿನ ನನ್ನ ತಮ್ಮ ಟೆಮಿರ್‌ಬೆಕ್ ನಿಮ್ಮೂರ ಪೇಟೆಗೆ ಬರುತ್ತಾನೆ. ಅವನನ್ನು ಮನೆಗೆ ಕರೆಸಿ, ಅವನ ಕೈಗೇ ಕೊಟ್ಟು ಕಳಿಸು.