ಸುವ್ವಿ ಬಳಗದ ಹೆಬ್ಬೆಟ್ಟುಗಳಿಗೆ

ಹುಬ್ಬಳ್ಳಿ, ಶ್ರಾವಣ ನಲವತ್ತೊಂದನೇ ದಿನ, ೨೧೬೩

ಮೊದಲು ಆ ಹೆಬ್ಬೆಟ್ಟನ್ನು ಹಿಂದಕ್ಕೆ ತೆಗೆಯಿರಿ. ಓಲೆ ಉದ್ದ ಇದೆ ಎಂದು ಕಂಡ ಕೂಡಲೇ ಓದದೆಯೇ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ, ಒಲೆಯ ಮೇಲಿನ ಸಾರು ನೋಡಲು ಎದ್ದು ಹೋಗುವವರು ನೀವು. ಸಾರು ಉಕ್ಕಿದರೆ ಉಕ್ಕಲಿ. ಕೂತು ಓದಿ.

ಶ್ರಾವಣಕ್ಕೆ ನಲವತ್ತೊಂದನೇ ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಬೇಸಿಗೆಯೇ ಅರ್ಧ ವರ್ಷ ನುಂಗಿದ ಮೇಲೆ ಉಳಿದ ತಿಂಗಳುಗಳನ್ನು ಹಿಗ್ಗಿಸಿ ಲೆಕ್ಕ ಸರಿ ಮಾಡಿಕೊಂಡಿದ್ದೇವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅಷ್ಟಕ್ಕೆ ಕ್ಷಮೆ ಇರಲಿ. ನಾನು ನವಲಗುಂದದ ಕಡೆಯ ಹಳ್ಳಿಯಲ್ಲಿ ಮೂರನೇ ಇಯತ್ತೆವರೆಗೆ ಕಲಿತವಳು. ಬೈಗುಳಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ವರ್ಷದ ಲೆಕ್ಕದಲ್ಲಿ ನೀವು ನನಗೆ ಮುತ್ತಜ್ಜಿಯರು, ನಿಜ. ಆದರೆ ಇದನ್ನು ಓದುವಾಗ ನಿಮಗೆ ನಲವತ್ತೋ ಐವತ್ತೋ, ಬರೆಯುವ ನನಗೆ ಎಪ್ಪತ್ತೆಂಟು. ಬೈಯುವ ಹಕ್ಕು ನನ್ನದೇ.

ನನ್ನ ಹೆಸರು ನೀಲಗಂಗವ್ವ. ನಿಮ್ಮ ಅಪಾರ್ಟ್‌ಮೆಂಟಿನ ಮೇಲೆಯೇ ಮಹಡಿ ಏರಿಸುತ್ತ ಏರಿಸುತ್ತ ಮುಗಿಲು ಮುಟ್ಟಿಸಿದ್ದಾರೆ, ನಾನಿರುವುದು ಅದರಲ್ಲೇ. ನೀವು ಕಟ್ಟಿದ ಸುವ್ವಿ ಮಹಿಳಾ ಬಳಗವೂ ಇದೆ, ಮೂರನೇ ಮಹಡಿಯಲ್ಲಿ ನೀವು ಜಗಳವಾಡಿ ಪಡೆದುಕೊಂಡ ಕೋಣೆಯೂ ಇದೆ. ಆ ಜಗಳಕ್ಕೆ ನಿಮ್ಮ ಪಾದಕ್ಕೆ ನಮಸ್ಕಾರ. ನಮ್ಮ ಕಾಲದಲ್ಲಿ ಪ್ರತಿ ಮನೆಗೂ ಕಿವಿಗೋಡೆ ಇರುತ್ತದೆ. ಕಿವಿಗೋಡೆ ಎಂದರೆ ನೀವಾಡುವುದನ್ನೆಲ್ಲ ಕೇಳಿಸಿಕೊಂಡು ದೀಪ ಹಚ್ಚುವ, ಅಕ್ಕಿ ತರಿಸುವ, ಬಾಗಿಲು ತೆಗೆಯುವ ಗೋಡೆ. ಸಂಜೆಯಾದರೆ ಕೇಳಿಸಿಕೊಂಡದ್ದನ್ನೆಲ್ಲ ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಒಪ್ಪಿಸುತ್ತದೆ. ಯಾರ ಹೆಸರಿನಲ್ಲಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇಡೀ ಕಟ್ಟಡದಲ್ಲಿ ಕಿವಿಗೋಡೆ ಇಲ್ಲದ ಜಾಗ ನಿಮ್ಮ ಆ ಹಳೆಯ ಕೋಣೆ ಒಂದೇ.

ಹೊರಗಿನ ಬಿಸಿಗೆ ಹಗಲು ಮಲಗಿ ಸಂಜೆ ಏಳುವ ಜನ ನಾವು. ಎದ್ದ ಮೇಲೆ ನಾನು ಚಾಪೆ ಹಿಡಿದು ಆ ಕೋಣೆಗೆ ಇಳಿಯುತ್ತೇನೆ. ನಾಲ್ಕನೇ ಮಹಡಿಯ ಮೆಹಬೂಬಿ ಬಟ್ಟಲಲ್ಲಿ ಗೋರಂಟಿ ಕಲಸಿಕೊಂಡು ಬಂದು, ಬಂದವರ ನರೆಗೂದಲಿಗೆ ಹಚ್ಚುತ್ತಾಳೆ. ಗೋರಂಟಿಯ ಗುಣವೇನೆಂದರೆ, ಹಚ್ಚಿಕೊಂಡ ಮೇಲೆ ಒಣಗುವವರೆಗೆ ಎಲ್ಲಿಗೂ ಏಳುವ ಹಾಗಿಲ್ಲ. ಕೂತವರಿಗೆ ಬಾಯಿ ಸುಮ್ಮನಿರುತ್ತದೆಯೇ? ಅತ್ತೆಯ ಕಾಟ, ಮೊಣಕಾಲು ನೋವು, ನೀರಿನ ಪಾಳಿ, ಎಲ್ಲ ಹೊರಗೆ ಬೀಳುತ್ತದೆ. ಬರುವವರು ಮಾತ್ರ ಕಡಿಮೆ. ಬಳಗದ ಮಿಕ್ಕವರೆಲ್ಲ ಮನೆಯಲ್ಲೇ ಕೂತು ಹೆಬ್ಬೆಟ್ಟು ಕಳಿಸುವವರು.

ಹೋದ ತಿಂಗಳು ಒಂಬತ್ತನೇ ಮಹಡಿಯ ಹೊಸ ಸೊಸೆ ಇರಾವತಿ ಬಂದಳು. ಕಾಡಿಗೆಯಂಥ ಕೂದಲು. ಮೆಹಬೂಬಿ ಜಡೆ ಬಿಚ್ಚಿ ನೋಡಿ, “ಒಂದಾರ ಬಿಳೇದು ಐತೇನ ಬೇ ಇದರಾಗ? ಯಾಕ ಬಂದೀ?” ಎಂದು ನಕ್ಕಳು. ಹುಡುಗಿ ತಲೆ ಬಗ್ಗಿಸಿಕೊಂಡೇ, “ಒಣಗೋತನಕ ಇಲ್ಲೇ ಕೂತಿರಬೌದಲ್ಲ, ಅದಕ್ಕ” ಎಂದಳು. ಮೆಹಬೂಬಿ ಆ ಕಪ್ಪು ಕೂದಲಿಗೇ ಗೋರಂಟಿ ಹಚ್ಚತೊಡಗಿದಳು. ಅವಳ ಗಂಡ ಹೊಡೆಯುವುದಿಲ್ಲ, ಬೈಯುವುದೂ ಇಲ್ಲ. ಹಗಲೆಲ್ಲ ಅವಳು ಆಡಿದ ಮಾತನ್ನು ಗೋಡೆಯಿಂದ ತೆಗೆಸಿ, ಊಟಕ್ಕೆ ಕೂತಾಗ ಅವಳ ಮುಂದೆಯೇ ಓದಿ ನಗುತ್ತಾನೆ. ತವರಿನವರೊಡನೆ ಮಾತಾಡುತ್ತ ಎಷ್ಟು ಸಲ ಮೂಗು ಎಳೆದುಕೊಂಡಳು ಎಂಬುದನ್ನೂ ಬಿಡುವುದಿಲ್ಲ. ಹುಡುಗಿ ಮನೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದಾಳೆ. ನಮ್ಮ ಕೋಣೆಯಲ್ಲಿ ಮಾತ್ರ ಮಾತಾಡುತ್ತಾಳೆ, ಅದೂ ಗೋರಂಟಿ ಒಣಗುವವರೆಗೆ.

ಈಗ ಆ ಕೋಣೆಯನ್ನು ಕಿತ್ತುಕೊಳ್ಳುತ್ತಿದ್ದಾರೆ. ಮೇಲಿನ ಮಹಡಿಯವರಿಗೆ ಇನ್ನಷ್ಟು ತಂಪು ಬೇಕಂತೆ, ತಂಪಿನ ಯಂತ್ರ ಇಡಲು ಜಾಗ ಬೇಕಂತೆ. ಕೇಳಿದ್ದು ಗಂಡಸರಾಗಿದ್ದರೆ ಪರಚಿ ಕಳಿಸುತ್ತಿದ್ದೆ. ಕೇಳಿದ್ದು ನಮ್ಮ ಬಳಗದ ಅಧ್ಯಕ್ಷೆ, ಎಲ್ಲಕ್ಕೂ ಮೇಲಿನ ಮಹಡಿಯ ಸುಗಂಧಾ ಹೊರಕೇರಿ! ಮೊನ್ನೆ ಸಭೆ ಕರೆದಳು. ಕೋಣೆಯಲ್ಲಿ ಕೂತಿದ್ದವರು ನಾನು, ಮೆಹಬೂಬಿ, ಇರಾವತಿ. ಮೂವರೂ ಬೇಡ ಎಂದೆವು. ಸುಗಂಧಾ ಪರದೆಯಲ್ಲಿ ಮುಖ ತೋರಿಸುತ್ತಿದ್ದಳು. ಒಂದೊಂದೇ ಮನೆಯಿಂದ ಒಪ್ಪಿಗೆಯ ಹೆಬ್ಬೆಟ್ಟು ಬಂದು ಪರದೆಯ ಮೇಲೆ ಸಾಲುಗಟ್ಟಿದವು. ಅವುಗಳ ನಡುವೆ ಇರಾವತಿಯ ಹೆಬ್ಬೆಟ್ಟೂ ಬಂದು ನಿಂತಿತು. ಇರಾವತಿ ನನ್ನ ಪಕ್ಕದಲ್ಲಿ, ತಲೆಗೆ ಗೋರಂಟಿ ಮೆತ್ತಿಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು! ಅವಳ ಮನೆಯ ಗೋಡೆ ಅವಳ ಪರವಾಗಿ ಒತ್ತಿತ್ತು, ಗಂಡ ಹೇಳಿದಂತೆ. ನಾನು ಕೂಗಿದೆ: “ಏ ಸುಗಂಧಾ, ಕಣ್ಣು ಎಲ್ಲಿಟ್ಟೀ? ಹುಡುಗಿ ಇಲ್ಲೇ ಕುಂತಾಳ, ಬ್ಯಾಡ ಅನ್ನಾಕತ್ತಾಳ!” ಅದಕ್ಕೆ ಅವಳು, “ನೀಲಗಂಗವ್ವಾರ, ಸಿಟ್ಟಾಗಬ್ಯಾಡ್ರಿ. ನಿಯಮದಾಗ ಹೆಬ್ಬೆಟ್ಟು ಲೆಕ್ಕ. ಬಾಯಿ ಲೆಕ್ಕ ಇಲ್ಲರೀ” ಎಂದಳು.

ಅದು ಯಾರ ನಿಯಮ ಎಂದು ಕೆದಕಿ ನೋಡಿದೆ. ನಿಮ್ಮದು. ನಿಮ್ಮ ಕಾರ್ಯದರ್ಶಿ ಸುಲೋಚನಾ ಕಟಗಿ ನಿಮ್ಮ ಈ ತಿಂಗಳಲ್ಲೇ ವಾಟ್ಸ್ಆ್ಯಪ್ ಗುಂಪಿಗೆ ಬರೆದು ಕಳಿಸಿದ್ದಾರಲ್ಲ, ಎಲ್ಲರಿಗೂ ಕೆಲಸದ ಒತ್ತಡ, ಇನ್ನು ಮುಂದೆ ಗುಂಪಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಸಭೆಗೆ ಬಂದಂತೆ, ಒಪ್ಪಿದಂತೆ, ಆಕ್ಷೇಪ ಇದ್ದವರು ತಿಂಗಳ ಕೊನೆಯೊಳಗೆ ತಿಳಿಸಿ ಎಂದು, ಕೆಳಗೆ ಒಂದು ಕೈಮುಗಿದ ಚಿತ್ರವನ್ನೂ ಹಾಕಿ? ಅದೇ. ಸುಲೋಚನಾ ಕೆಟ್ಟವರಲ್ಲ, ಸುಸ್ತಾದವರು. ನೀವೆಲ್ಲರೂ ಸುಸ್ತಾದವರು, ನನಗೆ ಗೊತ್ತು. ಆದರೆ ಒಬ್ಬಳಾದರೂ ಬಾಯಿ ಬಿಡಬಾರದಿತ್ತೇ? ಒಬ್ಬರೂ ಬೇಡ ಎನ್ನದ ನಿಯಮವನ್ನು ಮುಂದಿನವರು ಮುಟ್ಟುವಂತಿಲ್ಲ ಎಂದು ಬಳಗ ಕಟ್ಟಿದ ದಿನವೇ ಬರೆದಿಟ್ಟವರೂ ನೀವೇ. ಅದಕ್ಕೇ ಇಷ್ಟು ವರ್ಷ ಅದು ಕಲ್ಲಿನ ಹಾಗೆ ಕೂತಿದೆ.

ಹೆಬ್ಬೆಟ್ಟು ಎಂದರೆ ನಮ್ಮ ಮನೆತನದಲ್ಲಿ ಏನೆಂದು ನಿಮಗೆ ತಿಳಿಯದು. ನನ್ನವ್ವನನ್ನು ಊರೆಲ್ಲ ಹೆಬ್ಬೆಟ್ಟಿನವಳು ಎಂದೇ ಕರೆಯುತ್ತಿತ್ತು. ಯಾವ ಕಾಗದ ಹಿಡಿದು ಬಂದರೂ ಅವಳ ಬೆರಳು ಹಿಡಿದು ಒತ್ತಿಸಿಕೊಂಡು ಹೋಗುತ್ತಿದ್ದರು, ಅದರಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳುತ್ತಿರಲಿಲ್ಲ. ಆ ಸಿಟ್ಟಿಗೆ ನಾನು ನನ್ನ ಹೆಸರು ಬರೆಯಲು ಕಲಿತೆ. ಕೊನೆಯ ವಕಾರಕ್ಕೆ ಒತ್ತು ಕೊಡಲು ಒಂದು ಮಳೆಗಾಲ ಹಿಡಿಯಿತು. ನೀವೋ, ಕಾಲೇಜು ಮೆಟ್ಟಿಲು ಹತ್ತಿದವರು, ಬೆರಳ ತುದಿಯಲ್ಲಿ ಇಡೀ ಅಕ್ಷರಮಾಲೆ ಇಟ್ಟುಕೊಂಡವರು, ಯಾರೂ ಕೈ ಹಿಡಿದು ಒತ್ತಿಸದಿದ್ದರೂ ನೀವಾಗಿಯೇ ಹೆಬ್ಬೆಟ್ಟು ಒತ್ತುತ್ತೀರಿ!

ನಮ್ಮಲ್ಲಿ ಭಾದ್ರಪದ ಹುಟ್ಟಿದ ದಿನ ಯಂತ್ರ ಬಂದು ಕೂರುತ್ತದೆ. ಇರಾವತಿ ಮೊನ್ನೆ ಮೆಹಬೂಬಿಯನ್ನು ಕೇಳಿದಳು, “ಗೋರಂಟಿ ಇನ್ನಷ್ಟು ದಪ್ಪ ಹಚ್ಚಿದರ ತಡಾ ಒಣಗತೈತೇನ್ರಿ?” ಮೆಹಬೂಬಿ ಬಟ್ಟಲಲ್ಲಿದ್ದ ಗೋರಂಟಿಯನ್ನೆಲ್ಲ ಅವಳ ತಲೆಗೇ ಬಳಿದುಬಿಟ್ಟಳು.

ನಿಮ್ಮ ತಿಂಗಳು ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ಒಬ್ಬಳು, ಒಬ್ಬಳೇ ಸಾಕು, ಗುಂಪಿನಲ್ಲಿ ಬೇಡ ಎಂದು ಬರೆಯಿರಿ. ಆಗ ಅದು ಒಬ್ಬರೂ ಬೇಡ ಎನ್ನದ ನಿಯಮವಾಗಿ ಉಳಿಯುವುದಿಲ್ಲ, ನಾವು ಅದನ್ನು ಮುಟ್ಟಬಹುದು. ನಾವು ಮೂವರು ಇಲ್ಲಿ ಮತ್ತೆ ಸಭೆ ಕರೆದು, ಹೆಬ್ಬೆಟ್ಟು ಬಿಟ್ಟು ಬಂದು ಕೂತವರ ಬಾಯನ್ನು, ಇರಾವತಿಯ ಬಾಯನ್ನು, ಲೆಕ್ಕಕ್ಕೆ ಹಿಡಿಸುತ್ತೇವೆ. ಬರೆದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಮೂರನೇ ಮಹಡಿಗೆ ಇಳಿದು, ಆ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತು ಬನ್ನಿ.

ಮುಂದಿನ ತಿಂಗಳು ಕಾಲಿಡುವ ಮೊದಲು ನನಗೆ ಉತ್ತರ ಬರೆಯಿರಿ. ಅಕ್ಷರದಲ್ಲಿ.