ರದ್ದಾದ ಮೂರು ಚೀಟಿಗಳು

ಸೋಮನಾಥಪುರ
ಭಾನುವಾರ

ಅಪ್ಪಾಜಿ, ನಿಮ್ಮ ಪಾದಗಳಿಗೆ ಮಗಳು ಶಿವರಂಜನಿಯ ಶರಣು.

ಕೈಯಲ್ಲಿ ಫೋನಿರುವಾಗ ಇವಳಿಗೇಕೆ ಕಾಗದ ಬರೆಯುವ ಚಪಲ ಎಂದು ಗೊಣಗಬೇಡಿ. ಫೋನಿನಲ್ಲಿ ನೀವು ಮಾತಾಡಲು ಬಿಡುವುದಿಲ್ಲ. ಮಳೆ ಆಯ್ತಾ, ಅಳಿಯಂದಿರು ಉಂಡ್ರಾ ಎಂದು ಕೇಳಿ ಇಟ್ಟುಬಿಡುತ್ತೀರಿ. ಕಾಗದದಲ್ಲಾದರೆ ನಾನು ಹೇಳುವುದನ್ನು ಕೊನೆವರೆಗೂ ಕೇಳಲೇಬೇಕು.

ಇಪ್ಪತ್ತೊಂದು ವರ್ಷ ನೀವು ನಮ್ಮೂರ ನಾಲೆಯ ನೀರು ಬಳಕೆದಾರರ ಸಂಘದ ಅಧ್ಯಕ್ಷರು. ಚುನಾವಣೆ ಎಂದರೆ ಎಲ್ಲರೂ ಮಠದ ಜಗಲಿಯಲ್ಲಿ ಸೇರುವುದು, ನೀವು ಎದ್ದು ನಿಂತು "ಪುಟ್ಟಬಸವಯ್ಯ ಬ್ಯಾಡ ಅನ್ನೋರು ಕೈ ಎತ್ರಪ್ಪ" ಎನ್ನುವುದು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಹೋಗುವುದು. ತೂಬಿನ ಕೀಯನ್ನು ಉಡಿದಾರಕ್ಕೆ ಕಟ್ಟಿಕೊಂಡವರ ಎದುರು ಯಾರು ತಾನೇ ಕೈ ಎತ್ತಿಯಾರು? ಆಮೇಲೆ ಉಪ್ಪಿಟ್ಟು, ಕಾಫಿ. ಚಿಕ್ಕವಳಿದ್ದಾಗ ಅದನ್ನು ನೋಡಿ ಬೀಗುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಮದುವೆಯಲ್ಲಿ ನೀವು ನನ್ನ ಹೆಸರಿಗೆ ಬರೆದುಕೊಟ್ಟ ಗದ್ದೆ ನಾಲೆಯ ತುತ್ತತುದಿಯಲ್ಲಿದೆ. ಅಲ್ಲಿಗೆ ನೀರು ಹತ್ತುವುದೇ ಅಪರೂಪ, ಆದರೆ ಅಧ್ಯಕ್ಷರ ಮಗಳ ಗದ್ದೆಗೆ ತಪ್ಪದೆ ಬರುತ್ತಿತ್ತು. ಪಕ್ಕದಲ್ಲೇ ನಿಂಗರಾಜಣ್ಣನ ಪೈರು ಒಣಗುತ್ತಿತ್ತು. ಹೋದ ವರ್ಷ ಬದುವಿನ ಮೇಲೆ ಅವರ ಹೆಂಡತಿ ಮಂಗಳಮ್ಮ "ನಿಮ್ ಗದ್ದೆ ನೋಡಿದ್ರೆ ಕಣ್ಗೆ ತಂಪಾಯ್ತದೆ ಕಣವ್ವ" ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಗುಟ್ಟಿನ ಮತದಾನ ಬೇಕು ಎಂಬ ಅರ್ಜಿ ಬರೆದವಳು ನಾನು, ಮೊದಲ ಸಹಿಯೂ ನನ್ನದೇ. ಎರಡು ತಿಂಗಳು ನೀವು ನನ್ನೊಡನೆ ಮಾತು ಬಿಟ್ಟಿರಿ. ಆದರೆ ಅರ್ಜಿಯನ್ನು ತಡೆಯಲಿಲ್ಲ.

ಚುನಾವಣೆಯ ದಿನ ನಂಜನಗೂಡಿನಲ್ಲಿ ಇಳಿದು, ಕಳಲೆ ಕಡೆಯ ಬಸ್ಸು ಹತ್ತಿ ಊರಿಗೆ ಬಂದೆ. ಶಾಲೆಯಲ್ಲಿ ಚುನಾವಣೆ ನಡೆಸುತ್ತಿದ್ದ ರವಿಚಂದ್ರ ಮೇಷ್ಟ್ರು ಎಲ್ಲರಿಗೂ ಬಿಡಿಸಿ ಹೇಳಿದರು: ಮರೆಯಲ್ಲಿ ಮುದ್ರೆ ಒತ್ತಿ, ಮಡಚಿ ಪೆಟ್ಟಿಗೆಗೆ ಹಾಕಬೇಕು, ಯಾರಿಗಾದರೂ ತೋರಿಸಿದರೆ ಆ ಚೀಟಿ ರದ್ದು. ಚುನಾವಣೆಗೆ ನಿಮ್ಮ ಎದುರು ನಿಂತಿದ್ದ ನಿಂಗರಾಜಣ್ಣ ಒಳಗೆ ಕೂರಲು ಸಂಕೋಚಪಟ್ಟು ಬೇವಿನ ಮರದಡಿ ಇದ್ದರು. ಪೆಟ್ಟಿಗೆಯ ಪಕ್ಕ ಬೆಂಚಿನ ಮೇಲೆ ನೀವೊಬ್ಬರೇ.

ರುದ್ರಾಣಿ ಅತ್ತೆ ಮರೆಯಿಂದ ಬಂದವರೇ ಚೀಟಿಯನ್ನು ನಿಮ್ಮ ಮುಖಕ್ಕೆ ಹಿಡಿದರು. "ಅಣ್ಣ, ನೋಡ್ಕೊ, ನಿಂಗೇ ಒತ್ತಿವ್ನಿ." ಇಷ್ಟು ವರ್ಷ ನಿಮ್ಮ ಕಣ್ಣೆದುರೇ ನಿಷ್ಠೆ ತೋರಿಸಿ ರೂಢಿಯಾದವರಿಗೆ ತೋರಿಸದ ವೋಟು ವೋಟೇ ಅಲ್ಲ. ಮೇಷ್ಟ್ರು ಪಟ್ಟಿಯಲ್ಲಿ ಹೆಸರು ಹುಡುಕುತ್ತಿದ್ದರು, ನೋಡಲಿಲ್ಲ. ಸಾಲಿನಲ್ಲಿದ್ದ ನಾನು ನೋಡಿದೆ. ನೀವೇನು ಮಾಡುತ್ತೀರೋ ಎಂದು ಕತ್ತು ಚಾಚಿದೆ.

"ಮೇಷ್ಟ್ರೇ, ನನ್ ತಂಗಿ ಚೀಟಿ ತೋರ್ಸ್ಬುಟ್ಲು. ಪೆಟ್ಗೆಗ್ ಆಕುಸ್ಬ್ಯಾಡಿ" ಅಂದಿರಿ.

"ಒಡುಟ್ಟಿದವ್ಳ ವೋಟ್ನೇ ಬ್ಯಾಡ ಅಂತೀಯಲ್ಲಣ್ಣ" ಎಂದು ಅತ್ತೆ ಅಳುತ್ತಾ ಮನೆಗೆ ಹೋದರು. ಆಮೇಲೆ ಇನ್ನಿಬ್ಬರು ಮುದುಕರೂ ಅದನ್ನೇ ಮಾಡಿದರು. ಕೊನೆಯವರು ಬರುವಾಗ ನೀವು ಮುಖ ತಿರುಗಿಸಿದಿರಿ. ಅವರು ಬೆಂಚನ್ನು ಸುತ್ತಿಕೊಂಡು ಬಂದು ತೋರಿಸಿದರು. ನನಗೆ ನಗು ಬಂತು, ನಿಮಗೆ ಬರಲಿಲ್ಲ. ಅದನ್ನೂ ಮೇಷ್ಟ್ರಿಗೆ ಹೇಳಿದಿರಿ.

ಸಂಜೆ ಎಣಿಸಿದಾಗ ನಿಂಗರಾಜಣ್ಣನಿಗೆ ಅರವತ್ತಮೂರು, ನಿಮಗೆ ಅರವತ್ತೊಂದು. ಆ ಮೂರು ಚೀಟಿ ಪೆಟ್ಟಿಗೆಗೆ ಬಿದ್ದಿದ್ದರೆ ನೀವೇ ಗೆಲ್ಲುತ್ತಿದ್ದಿರಿ, ಅಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ನೀವು ಉಡಿದಾರದಿಂದ ಕೀ ಬಿಚ್ಚಿ ನಿಂಗರಾಜಣ್ಣನ ಕೈಗಿಟ್ಟು, "ಬೀಗ ಒಸಿ ಬಿಗಿ ಕಣಪ್ಪ, ಎಣ್ಣೆ ಬುಡು" ಅಂದಿರಿ.

ಅಪ್ಪಾಜಿ, ನೀವು ಗೆದ್ದ ಒಂದು ಸಲವೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಇಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ನಿಮ್ಮ ಅಳಿಯಂದಿರು ಮೂರು ಸಲ ಕೇಳಿ ಆಗಿದೆ.

ಇನ್ನೊಂದು ಮಾತಿದೆ. ಮಾರನೆಯ ಬೆಳಿಗ್ಗೆ ನಿಮ್ಮೆದುರು ನಿಂತು "ಅಪ್ಪಾಜಿ, ನನ್ನ ವೋಟು..." ಎಂದು ಶುರುಮಾಡಿದ್ದೆ. ಎರಡೇ ವೋಟಿನ ಸೋಲು. ನನ್ನದೊಂದು ಆಚೀಚೆಯಾಗಿದ್ದರೆ ಏನಾಗುತ್ತಿತ್ತು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ನನ್ನನ್ನು ಮುಂದಕ್ಕೆ ಹೋಗಲು ಬಿಡಲಿಲ್ಲ.

"ಏಳ್ಬ್ಯಾಡ ಕಣವ್ವ. ಅದು ನಿಂದು. ಅಪ್ಪನಾದ್ರೂ ಕೇಳೋ ಅಂಗಿಲ್ಲ."

ಹಾಗಂದು, ನನ್ನ ಮುಖವನ್ನೂ ನೋಡದೆ ಒಳಗೆ ಹೋಗಿ, ರಂಜನಿಗ್ ಬಿಸಿ ರೊಟ್ಟಿ ಆಕು ಎಂದು ಅಮ್ಮನಿಗೆ ಹೇಳಿದಿರಿ.

ಅದಕ್ಕೇ ಇಲ್ಲಿಯೂ ಬರೆಯುವುದಿಲ್ಲ. ಹುಟ್ಟಿದಾಗಿನಿಂದ ನಿಮ್ಮಿಂದ ಮುಚ್ಚಿಟ್ಟದ್ದು ಇದೊಂದೇ, ಮುಚ್ಚಿಡು ಎಂದವರೂ ನೀವೇ.

ನಂಜುಂಡಪ್ಪ ನಿಮ್ಮನ್ನು ಗಟ್ಟಿಯಾಗಿಟ್ಟಿರಲಿ.

ಪುಟ್ಟಬಸವಯ್ಯನವರ ಮಗಳು,
ಶಿವರಂಜನಿ